ಮೊಣಕಾಲಿನ ಫೋಲ್ಡರು

ಕೊಟ್ಟೂರಿನ ಹಾಲಸ್ವಾಮಿ ಹೊಸಹಳ್ಳಿಯ ಬೀಗರಿಗೆ ತನ್ನ ಎಡ ಮೊಣಕಾಲನ್ನು ಕಳಿಸಿಕೊಟ್ಟ ದಿನ ಬೆಳಗಿನಿಂದ ಅಂಥ ವಿಶೇಷವೇನೂ ನಡೆದಿರಲಿಲ್ಲ. ಮಂಡಕ್ಕಿ ಒಗ್ಗರಣೆ ತಿಂದು, ಚಹಾ ಕುಡಿದು, ಕಚೇರಿಗೆ ಹೊರಡಲೆಂದು ಚಪ್ಪಲಿ ಹುಡುಕುತ್ತಿದ್ದಾಗ ಅಣ್ಣ ಗಂಗಾಧರನ ಫೋನು ಬಂತು. ಗಂಗಾಧರ ಹಗರಿಬೊಮ್ಮನಹಳ್ಳಿಯಲ್ಲಿ ಶೇಂಗಾ ವ್ಯಾಪಾರ ಮಾಡಿಕೊಂಡಿದ್ದ ಮನೆಯ ಹಿರಿಯ. ಅವನ ಒಬ್ಬಳೇ ಮಗಳು ಪುಷ್ಪಲತಾಗೆ ಹೊಸಹಳ್ಳಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು.

"ಲೇ ಹಾಲಸ್ವಾಮಿ, ಬೀಗರ ಮನಿ ಅಜ್ಜಿ ಹುಡುಗಿ ತಾಯಿ ಹೆಂಗಿದ್ಲು ನೋಡಬೇಕು ಅಂತ ಹಠ ಹಿಡದಾಳಂತ. ನಿಮ್ಮ ಅತ್ತಿಗಿ ನಗೋ ಫೋಟೋ ನಿನ್ನ ಫೋನಿನಾಗ ಐತಲ್ಲ, ಅದನ್ನ ಕಳಸಿಬಿಡು."

ಅತ್ತಿಗೆ ಗೀತಮ್ಮ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತಿನಲ್ಲಿ ಹೊಸಹಳ್ಳಿಯ ಅಜ್ಜಿಗೆ ಬಲವಾದ ನಂಬಿಕೆ. ಹಾಲಸ್ವಾಮಿ ಒಂದು ಕಾಲಿಗೆ ಚಪ್ಪಲಿ ಏರಿಸುತ್ತಲೇ ಫೋನು ತೆರೆದ, ಹೆಬ್ಬೆರಳಿನಿಂದ ಮೇಲೆ ಕೆಳಗೆ ಉಜ್ಜಿದ, ಸಿಕ್ಕಿತು ಅಂದುಕೊಂಡ, ಒತ್ತಿದ, ಕಳಿಸಿದ. ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಹೊಸಹಳ್ಳಿಯಿಂದ ಫೋನು. ಬೀಗರ ದನಿ ಬಹಳ ಮೆತ್ತಗಿತ್ತು.

"ಸ್ವಾಮೇರ, ಫೋಟೋ ಮುಟ್ಟಿತ್ರಿ. ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ಇದು ತಾಯೀದೋ ಮಗಳದೋ?"

"ತಾಯೀದ್ರಿ," ಎಂದ ಹಾಲಸ್ವಾಮಿ ಹೆಮ್ಮೆಯಿಂದ. "ಮಗಳೂ ಥೇಟ್ ಹಂಗ ಅದಾಳ್ರಿ."

ಆ ಕಡೆ ಯಾರೋ ಮುದುಕಿ "ಅಯ್ಯಯ್ಯೋ ಶಿವನೇ" ಎಂದದ್ದು ಕೇಳಿಸಿತು.

"ಹಂಗಾರ ಇದು ಮನೆತನದಾಗ ಬಂದದ್ದೇನ್ರಿ? ನಮ್ಮೂರಾಗ ಎಲುಬಿನ ಡಾಕ್ಟ್ರು ಬ್ಯಾರೆ ಇಲ್ಲ ನೋಡ್ರಿ, ಅದಕ್ಕ ಕೇಳಿದೆ."

ಕಳಿಸಿದ್ದು ಐದು ವರ್ಷದ ಹಿಂದೆ ತೆಗೆಸಿದ್ದ ಹಾಲಸ್ವಾಮಿಯ ಮೊಣಕಾಲಿನ ಎಕ್ಸ್‌ರೇ. ಆ ಕಾಲು ತನ್ನದೆಂದೂ, ಹುಡುಗಿಯ ಎರಡು ಕಾಲುಗಳೂ ಗಟ್ಟಿಯಾಗಿವೆಯೆಂದೂ, ಅವು ತಾಯಿಯ ಕಡೆಯಿಂದ ಬಂದ ಕಾಲುಗಳೆಂದೂ ಬೀಗರಿಗೆ ಮನದಟ್ಟು ಮಾಡಲು ಅರ್ಧ ಗಂಟೆ ಹಿಡಿಯಿತು. ಪುಣ್ಯಕ್ಕೆ ಬೀಗರು ದೊಡ್ಡ ಮನಸ್ಸಿನವರು. ನಕ್ಕು ಬಿಟ್ಟರು. ಆದರೆ ಅಂದಿನಿಂದ ಹೊಸಹಳ್ಳಿಯಿಂದ ಯಾರು ಫೋನು ಮಾಡಿದರೂ ಮೊದಲ ಮಾತು, "ಮೊಣಕಾಲು ಹೆಂಗೈತ್ರಿ?"

ಇದು ಬೇರೆ ಯಾರಿಗಾದರೂ ಆಗಿದ್ದರೆ ಮರೆತುಬಿಡುತ್ತಿದ್ದರು. ಹಾಲಸ್ವಾಮಿಗೆ ಮರೆಯುವಂತಿರಲಿಲ್ಲ. ಅವನು ಕಚೇರಿಯಲ್ಲಿ ಹಳೆಯ ಕಡತಗಳ ಕೋಣೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಂಡವನು. ಯಾರಪ್ಪನ ಯಾವ ಹೊಲದ ಕಾಗದವನ್ನು ಕೇಳಿದರೂ ಏಣಿ ಹತ್ತಿ, ಧೂಳು ಊದಿ, ಕೆಂಪು ದಾರ ಬಿಚ್ಚಿ ಮುಂದಿಡುವವನು. ಊರಿಗೆಲ್ಲ ಹುಡುಕಿಕೊಡುವ ಮನುಷ್ಯನ ಸ್ವಂತ ಫೋನಿನಲ್ಲಿ ಹನ್ನೊಂದು ಸಾವಿರದ ನಾನೂರ ಅರವತ್ತೆರಡು ಫೋಟೋಗಳು, ಒಂದರ ಮೇಲೊಂದು, ಸಂತೆಯಲ್ಲಿ ಸುರಿದ ಬದನೆಕಾಯಿಯಂತೆ ಬಿದ್ದಿದ್ದವು. ಅತ್ತಿಗೆ ಅದರಲ್ಲಿ ಎಲ್ಲಿದ್ದಾಳೆ ಎಂಬುದು ಮತ್ತೆ ತಿಳಿಯಲೇ ಇಲ್ಲ.

ಸಂಜೆ ಪುಷ್ಪಲತಾ ಫೋನು ಮಾಡಿದಳು. "ಚಿಗಪ್ಪ, ಅಜ್ಜಿ ಮಾತು ಬಿಡು. ಅವ್ವನ ಆ ಫೋಟೋ ಲಗ್ನಪತ್ರಿಕೆ ಮ್ಯಾಲ ಹಾಕಸಬೇಕು. ಗ್ವಾಡಿ ಮ್ಯಾಲಿಂದು ಬ್ಯಾಡ, ಅದರಾಗ ಅವ್ವ ಆಧಾರ್ ಕಾರ್ಡಿಗೆ ಕುಂತಂಗ ಅದಾಳ. ನಗೋದೇ ಬೇಕು."

"ಹುಡುಕಿ ಕೊಡ್ತೀನವ್ವಾ. ಕಡತ ಕಳದು ಹೋಗಂಗಿಲ್ಲ, ಜಾಗ ಬದಲಾಗಿರ್ತೈತಿ ಅಷ್ಟ."

ಹಾಗೆ ಮಾತು ಕೊಡಲು ಕಾರಣವಿತ್ತು. ಹೆಂಡತಿ ಇಲ್ಲದ ಗಂಗಾಧರ ಮಗಳ ಧಾರೆಗೆ ಒಬ್ಬನೇ ಕೂರುವಂತಿರಲಿಲ್ಲ. ಅದಕ್ಕೆ ದಂಪತಿಗಳೇ ಆಗಬೇಕು. "ನೀನೂ ಶಿವಬಸಮ್ಮನೂ ಕೂಡ್ರಿ" ಎಂದು ಅವನೇ ಹೇಳಿದ್ದ. ಹಾಲಸ್ವಾಮಿಗೂ ಅವನ ಹೆಂಡತಿ ಶಿವಬಸಮ್ಮನಿಗೂ ಮಕ್ಕಳಿರಲಿಲ್ಲ. ತಾಯಿ ಹೋದ ಮೇಲೆ ಪುಷ್ಪಲತಾ ರಜೆಯೆಲ್ಲ ಇವರ ಮನೆಯಲ್ಲೇ ಕಳೆದವಳು. ಆ ಮಾತು ಕೇಳಿದ ದಿನ ಶಿವಬಸಮ್ಮ ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದುಕೊಂಡು ಬಂದು, ಕೊಟ್ಟೂರಿನ ಅಂಗಡಿಗಳನ್ನೆಲ್ಲ ಸುತ್ತಿ ಧಾರೆಗೆಂದು ಹಸಿರು ಸೀರೆ ತಂದಿದ್ದಳು. ಜನ್ಮದಲ್ಲಿ ಒಮ್ಮೆ ಸಿಗುವ ಭಾಗ್ಯ ಎಂದರೆ ಅವರಿಬ್ಬರಿಗೆ ಅದೇ.

ಹಾಲಸ್ವಾಮಿ ಮೂರು ದಿನ ರಜೆ ಹಾಕಿದ. ಹಿಂದೊಮ್ಮೆ ಹೊಸಪೇಟೆಯಲ್ಲಿ ಅವನಿಗೆ ಅರ್ಧ ದಿನದ ಕಂಪ್ಯೂಟರ್ ತರಬೇತಿಯಾಗಿತ್ತು. ಊಟಕ್ಕೆ ಕೊಟ್ಟ ಜಾಮೂನು ಮತ್ತು ಕಲಿಸಲು ಬಂದವರು ಹೇಳಿದ ಒಂದು ವಾಕ್ಯ ಅವನಿಗೆ ನೆನಪಿದ್ದವು. "ಪ್ರತಿಯೊಂದಕ್ಕೂ ಒಂದು ಜಾಗ, ಒಂದೇ ಜಾಗ." ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತ.

ಮೊದಲು ಮಾಡಿದ ಕೆಲಸ, ಆ ದರಿದ್ರ ಎಕ್ಸ್‌ರೇ ಇನ್ನೆಂದೂ ಯಾರ ಕೈಗೂ ಸಿಗದಂತೆ ಮಾಡುವುದು. 'ಮೊಣಕಾಲು' ಎಂಬ ಫೋಲ್ಡರು ತೆರೆದು, ಎಕ್ಸ್‌ರೇಯನ್ನೂ ಅದೇ ದಿನದ ಅಕ್ಕಪಕ್ಕದ ಏಳೆಂಟನ್ನೂ ನೋಡದೆಯೇ ಒಟ್ಟಿಗೆ ತುರುಕಿ, ಶನಿ ಕಳೆಯಿತೆಂದು ಕೈ ತೊಳೆದುಕೊಂಡ. ಉಳಿದವಕ್ಕೆ ಕಚೇರಿಯ ಪದ್ಧತಿಯನ್ನೇ ಹಿಡಿದ. ತಾಲೂಕು ಪ್ರಕಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದು ಫೋಲ್ಡರುಗಳು ಪಾಂಡವರಂತೆ ಸಾಲಾಗಿ ನಿಂತಾಗ ಅವನಿಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಶಿವಬಸಮ್ಮ ಬಂದು ಇಣುಕಿದಳು. "ನಮ್ಮ ಮದಿವಿ ಫೋಟೋ ಎಲ್ಲೈತ್ರಿ?"

"ಕೂಡ್ಲಿಗಿ ತಾಲೂಕಿನಾಗ."

"ನಾವು ಮದಿವಿ ಆಗಿದ್ದು ಇದ ಕೊಟ್ಟೂರಾಗ!"

"ಆವಾಗ ಕೊಟ್ಟೂರು ಕೂಡ್ಲಿಗಿ ತಾಲೂಕಿನಾಗ ಇತ್ತು. ಮದಿವಿ ಆದ ಎಷ್ಟೋ ವರ್ಷಕ್ಕ ಕೊಟ್ಟೂರು ತಾಲೂಕಾತು. ಹಳೇ ಕಡತ ಹಳೇ ತಾಲೂಕಿಗೇ ಸೇರಬೇಕು. ಕಾಯ್ದೆ ಅಂದ್ರ ಕಾಯ್ದೆ."

"ಅರುಣಕುಮಾರನ ಮದಿವಿ?"

ಹಾಲಸ್ವಾಮಿ ತಲೆ ಕೆರೆದುಕೊಂಡ. ತಮ್ಮ ಅರುಣಕುಮಾರ ಹರಪನಹಳ್ಳಿಯಲ್ಲಿ ಮೇಷ್ಟ್ರು. ಅವನ ಮದುವೆಯ ಕಾಲಕ್ಕೆ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. "ಅದನ್ನ ಜಿಲ್ಲಾ ಬದಲಾವಣಿ ಅಂತ ಬ್ಯಾರೆ ಇಟ್ಟೀನಿ," ಎಂದ.

ಅಷ್ಟರಲ್ಲಿ ಪಕ್ಕದ ಮನೆಯ ಅಂಜಿನಕ್ಕ ಮೊಸರು ಕೊಡಲು ಬಂದವಳು, ಬಂದ ಕೆಲಸ ಮರೆತು ನಿಂತಳು. "ಅಣ್ಣಾರ, ನನ್ನ ಯಾವ ತಾಲೂಕಿನಾಗ ಇಟ್ಟೀರಿ? ನಾ ಹುಟ್ಟಿದ್ದು ಹಂಪಸಾಗರ, ಕೊಟ್ಟಿದ್ದು ಕೊಟ್ಟೂರಿಗೆ, ನೀವು ಫೋಟೋ ಹಿಡದಿದ್ದು ಹಡಗಲಿಯಾಗ, ಮಲ್ಲಿಗಿ ಕೊಳ್ಳಾಕ ಹೋದಾಗ."

ಅರ್ಧ ಗಂಟೆ ಚರ್ಚೆಯಾಯಿತು. ಒಂದು ಅಂಜಿನಕ್ಕ, ಮೂರು ತಾಲೂಕು. ಪ್ರತಿಯೊಂದಕ್ಕೂ ಒಂದೇ ಜಾಗ ಎನ್ನುವ ನಿಯಮಕ್ಕೆ ಮೊಸರಿನ ಪಾತ್ರೆ ಹಿಡಿದ ಆ ಹೆಂಗಸು ಎದುರಾಗಿ ನಿಂತಿದ್ದಳು. ಕಡೆಗೆ ನಿಯಮವೇ ಸೋತಿತು.

ಒಲೆಯ ಮುಂದೆ ಒಗ್ಗರಣೆಗೆ ನಿಂತಿದ್ದ ಶಿವಬಸಮ್ಮ ಬೋರ್ನ್‌ವಿಟಾ ಡಬ್ಬಿಯಿಂದ ಸಾಸಿವೆ ತೆಗೆದು ಎಣ್ಣೆಗೆ ಹಾಕಿದಳು. ಚಹಾಪುಡಿಯ ಡಬ್ಬಿಯಿಂದ ಜೀರಿಗೆ ತೆಗೆದಳು. ಸಕ್ಕರೆ ಎಂದು ಬರೆದ ಡಬ್ಬಿಯಿಂದ ಉಪ್ಪು.

"ನೋಡು, ನಿನ್ನ ಅಡಿಗಿಮನ್ಯಾಗೂ ಹಿಂಗ ಐತಿ. ಬರದಿರೋದು ಒಂದು, ಇರೋದು ಒಂದು."

"ಹೆಸರು ಬರಿಯೋದು ಹೊರಗಿನವರಿಗ್ರಿ. ಮನಿಯವರಿಗೆ ಕೈಗೇ ಗೊತ್ತಿರ್ತೈತಿ," ಎಂದಳು ಅವಳು, ಚಟಪಟ ಸದ್ದಿನ ನಡುವೆ. ಅದು ಮಹಾವಾಕ್ಯ ಎಂದು ಹಾಲಸ್ವಾಮಿಗೆ ಹೊಳೆಯಲಿಲ್ಲ. ಅವನು ಆಗಲೇ ತಾಲೂಕುಗಳನ್ನೆಲ್ಲ ರದ್ದು ಮಾಡಿ ಮನುಷ್ಯನಿಗೊಂದು ಫೋಲ್ಡರು ಮಾಡುತ್ತಿದ್ದ. ಅಣ್ಣನಿಗೊಂದು, ತಮ್ಮನಿಗೊಂದು, ಹೆಂಡತಿಗೊಂದು, ಕೂಡ್ಲಿಗಿಯಲ್ಲಿರುವ ಹೆಂಡತಿಯ ತಮ್ಮ ಅಮರೇಶನಿಗೊಂದು. ಮನುಷ್ಯರಲ್ಲದ ಕರೆಂಟ್ ಬಿಲ್ಲು, ಕುಕ್ಕರ್ ಗ್ಯಾರಂಟಿ ಇತ್ಯಾದಿಗಳಿಗೂ ಒಂದೊಂದು. ಇಷ್ಟೆಲ್ಲ ಆದರೂ ಅತ್ತಿಗೆ ನಗುವ ಫೋಟೋ ಮಾತ್ರ ಕಣ್ಣಿಗೆ ಬೀಳಲಿಲ್ಲ.

ಭಾನುವಾರ ಲಗ್ನಪತ್ರಿಕೆಯ ಒಕ್ಕಣೆ ಬರೆಯಲು ಎಲ್ಲರೂ ಕೊಟ್ಟೂರಿನಲ್ಲಿ ಸೇರಿದರು. ಈ ಸೀಮೆಯಲ್ಲಿ ಮದುವೆ ಮಾಡುವುದು ಸುಲಭ, ಲಗ್ನಪತ್ರಿಕೆ ಬರೆಯುವುದು ಕಷ್ಟ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ದಪ್ಪ ಅಕ್ಷರದಲ್ಲಿ ಎಂಬುದರ ಮೇಲೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಹಾಲಸ್ವಾಮಿಯ ಮನೆಯೂ ಅದರಲ್ಲಿ ಹೊಸದಲ್ಲ. ಹನ್ನೆರಡು ವರ್ಷದ ಹಿಂದೆ ಅವನ ಗೃಹಪ್ರವೇಶದ ಪತ್ರಿಕೆಯಲ್ಲಿ ಗಂಗಾಧರನ ಹೆಸರು ಜಾಗ ಸಾಲದೆ ಎರಡನೆಯ ಸಾಲಿಗೆ ಜಾರಿಬಿದ್ದು, ಅಣ್ಣತಮ್ಮಂದಿರು ಮೂರು ವರ್ಷ ಮಾತಾಡಿರಲಿಲ್ಲ. ಆಗ ರೊಟ್ಟಿಬುತ್ತಿ ಕಳಿಸಿ ಕಳಿಸಿ ಎರಡು ಮನೆಗಳನ್ನು ಮತ್ತೆ ಹೊಲಿದವಳು ಗೀತಮ್ಮ. ಈಗ ಹರಿದರೆ ಹೊಲಿಯಲು ಅವಳಿರಲಿಲ್ಲ.

ಹಾಗಾಗಿ ಎಲ್ಲರೂ ಬಹಳ ಎಚ್ಚರದಿಂದಿದ್ದರು. ಪ್ರೆಸ್ಸಿನ ಮೌನೇಶ್ ಮಾದರಿ ಕಾರ್ಡುಗಳ ಕಟ್ಟು ಹಿಡಿದು ನಡುವೆ ಕುಳಿತಿದ್ದ. ಹೆಸರುಗಳ ಮೇಲುಕೀಳಿನ ವಿಷಯದಲ್ಲಿ ಮೌನೇಶನ ಮಾತಿಗೆ ಸುತ್ತ ಐದು ತಾಲೂಕಿನಲ್ಲಿ ಎರಡನೆಯ ಮಾತಿಲ್ಲ. ಎರಡು ತಾಸಿನಲ್ಲಿ ಎಲ್ಲವೂ ಇತ್ಯರ್ಥವಾಯಿತು. ಒಬ್ಬರೂ ದನಿ ಏರಿಸಲಿಲ್ಲ. ಮಿರ್ಚಿ ಬಂತು, ಎರಡನೆಯ ಸುತ್ತು ಚಹಾ ಬಂತು. ಗಂಗಾಧರ ಕಾಲು ಚಾಚಿ ಗೋಡೆಗೊರಗಿದ.

ಹಾಲಸ್ವಾಮಿ ಆಗ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಅಣ್ಣಾ, ಅತ್ತಿಗಿ ಫೋಟೋ ಎಲ್ಲರೂ ಕೂಡಿ ಹುಡುಕಾಣ. ಟಿವಿಗೆ ಹಚ್ತೀನಿ. ನನ್ನ ವ್ಯವಸ್ಥಾನೂ ನೋಡಿದಂಗಾತು."

ತಂತಿ ಚುಚ್ಚಿದ. ಗೋಡೆಯಗಲದ ಟಿವಿಯ ಮೇಲೆ ಕೈಯಗಲದ ಅಕ್ಷರಗಳಲ್ಲಿ ಅವನ ಮೂರು ದಿನದ ತಪಸ್ಸು ಮೂಡಿತು. ಅಂಜಿನಕ್ಕ. ಅಮರೇಶ್. ಅರುಣಕುಮಾರ್. ಕರೆಂಟ್ ಬಿಲ್ಲು. ಕುಕ್ಕರ್ ಗ್ಯಾರಂಟಿ. ಗಂಗಾಧರ.

ಎರಡು ತಾಸು ಹೆಸರುಗಳ ಮೇಲುಕೀಳನ್ನೇ ನೋಡಿ ನೋಡಿ ಹದವಾಗಿದ್ದ ಕಣ್ಣುಗಳು ಅವು. ಕೋಣೆಯಲ್ಲಿ ಮಿರ್ಚಿ ಅಗಿಯುವ ಸದ್ದು ನಿಂತಿತು. ಬಾಗಿಲಲ್ಲಿದ್ದ ಅಂಜಿನಕ್ಕ ಸೆರಗು ಸರಿಮಾಡಿಕೊಂಡಳು. ಅರುಣಕುಮಾರ ಮೇಷ್ಟ್ರು ಮೇಲ್ಛಾವಣಿಯ ಫ್ಯಾನನ್ನು ನೋಡುತ್ತ, ಸಂತೋಷವನ್ನು ಮುಖದಿಂದ ಓಡಿಸಲು ಹೆಣಗುತ್ತಿದ್ದ.

"ಹಾಲಸ್ವಾಮಿ," ಎಂದ ಗಂಗಾಧರ, ಬಹಳ ನಿಧಾನ. "ನಾ ಎಷ್ಟನೇದಾವನು?"

"ಅಣ್ಣಾ, ಅದು ಹಂಗಲ್ಲ..."

"ಎಣಿಸು ಅಂದೆ."

"ಆರು."

"ಮೊದಲಿಗೆ ಮೊಸರಿನಾಕಿ. ಆಮ್ಯಾಲ ಹೆಂಡ್ತಿ ತಮ್ಮ. ಆಮ್ಯಾಲ ನನಗಿಂತ ಸಣ್ಣಾವ. ಹೋಗ್ಲಿ, ಮನುಷ್ಯರು ಅಂತ ಬಿಡಾಣ. ಕುಕ್ಕರ್ರು ನನಗಿಂತ ಯಾವಾಗ ಹಿರೇದಾತಲೇ?"

"ಅದು ಅಕ್ಷರದ ಪ್ರಕಾರ ಅಣ್ಣಾ! ಕಂಪ್ಯೂಟರ್ ತಾನೇ ಮಾಡ್ತೈತಿ. ನೋಡು, ನಾನು ಎಲ್ಲಾರ್ಕಿಂತ ಕೆಳಗ ಅದೀನಿ!"

"ಹನ್ನೆರಡು ವರ್ಷದ ಹಿಂದ ಪ್ರೆಸ್ಸಿನವರು ಮಾಡಿದ್ರು ಅಂದಿ. ಇವತ್ತು ಕಂಪ್ಯೂಟರ್ ಮಾಡ್ತು ಅಂತಿ. ನಿನ್ನ ಕೈ ಯಾವತ್ತರ ಏನರ ಮಾಡೈತೇನು?"

ಮೌನೇಶ್ ಕಾರ್ಡಿನ ಕಟ್ಟಿನ ಹಿಂದೆ ಮುಖ ಮರೆಮಾಡಿಕೊಂಡ. ಗಂಗಾಧರ ಎದ್ದು ಹೆಗಲ ಮೇಲಿನ ಟವೆಲ್ ಕೊಡವಿದ. "ಮೌನೇಶ್, ಧಾರೆಗೆ ಕೂಡೋರ ಹೆಸರು ಹೊಡದು ಹಾಕು. ಅರುಣಕುಮಾರ ಮತ್ತ ಅವನ ಹೆಂಡ್ತಿ ಕೂಡ್ತಾರ. ಇಲ್ಲಾಂದ್ರ ಕುಕ್ಕರ್ ಕುಂಡ್ರಸ್ತೀನಿ." ಮಗಳ ಕೈ ಹಿಡಿದು ಹೊರಟ. ಹೊಸ್ತಿಲಲ್ಲಿ ಪುಷ್ಪಲತಾ ತಿರುಗಿ ನೋಡಿದಳು.

ಶಿವಬಸಮ್ಮ ಗಂಡನನ್ನು ಬೈಯಲಿಲ್ಲ. ಒಳಗೆ ಹೋಗಿ, ಹೊಲಿಯಲು ಕೊಡಬೇಕೆಂದಿದ್ದ ಕುಬಸದ ಬಟ್ಟೆಯನ್ನು ಹಸಿರು ಸೀರೆಯ ಮಡಿಕೆಯೊಳಗೆ ಇಟ್ಟು ಬೀರುವಿನ ಬಾಗಿಲು ಹಾಕಿದಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಹಾಲಸ್ವಾಮಿಗೆ ಅನಿಸಿತು.

ಮರುದಿನ ಓಣಿಯ ತುಂಬ ಸುದ್ದಿ. ತಾನು ಹಾಲಸ್ವಾಮಿಯ ಕಂಪ್ಯೂಟರಿನಲ್ಲಿ ಮೊದಲನೆಯವಳೆಂದು ಅಂಜಿನಕ್ಕ ನಲ್ಲಿಯ ಹತ್ತಿರ ಪ್ರಕಟಿಸಿದ್ದಳು. ಮೊಸರು ಕೊಂಡವರಿಗೆಲ್ಲ ಈ ಸಂಗತಿ ಮೇಲುಗೊಸರಾಗಿ ಸಿಗುತ್ತಿತ್ತು. ಹತ್ತು ಗಂಟೆಯ ಬಸ್ಸಿಗೆ ಕೂಡ್ಲಿಗಿಯಿಂದ ಅಮರೇಶ ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಬುಟ್ಟಿ ಸೀತಾಫಲ.

"ಭಾವ, ಗಂಗಾಧರಣ್ಣಗಿಂತ ಮುಂದ ನನ್ನ ಹಾಕೀರಂತ! ಕಣ್ಣಾಗ ನೀರು ಬಂತು ನೋಡ್ರಿ. ನಮ್ಮ ಕಡೆಯವರನ್ನ ಯಾರು ಹಿಂಗ ಮ್ಯಾಲ ಇಡ್ತಾರ?"

"ನಿನ್ನ ಮುಂದ ಅಂಜಿನಕ್ಕ ಅದಾಳ. ಬುಟ್ಟಿ ಇಟ್ಟು ತಿರುಗಿ ಹೋಗು," ಎಂದಳು ಅವನ ಅಕ್ಕ.

"ಇರ್ಲಿ ಬಿಡಕ್ಕಾ, ಹೆಣ್ಣುಮಗಳು. ಗಂಡಸರಾಗ ನಾನೇ ಮೊದಲಲ್ಲ? ಅಲ್ಲಾ, ಗಂಗಾಧರಣ್ಣ ಬ್ಯಾಸರ ಮಾಡ್ಕಂಡಾರ ಅಂತ ಕೇಳಿ ನಾನೇ ಅವರಿಗೆ ಫೋನ್ ಮಾಡಿ ಸಮಾಧಾನ ಹೇಳಿದೆ. 'ಒಂದು ಸ್ಥಾನ ಅಂದ್ಮ್ಯಾಲ ಹೆಚ್ಚುಕಮ್ಮಿ ಇರ್ತೈತ್ರಿ, ನೀವೂ ಮುಂದ ಬರ್ತೀರಿ' ಅಂದೆ. ಯಾಕೋ ಫೋನ್ ಇಟ್ಟುಬಿಟ್ರು."

ಹಾಲಸ್ವಾಮಿ ತಲೆಯ ಮೇಲೆ ಕೈ ಹೊತ್ತು ಪ್ರೆಸ್ಸಿಗೆ ಓಡಿದ. ಪತ್ರಿಕೆ ಗುರುವಾರ ಅಚ್ಚಿಗೆ ಹೋಗಬೇಕು, ಧಾರೆಯವರ ಸಾಲು ಇನ್ನೂ ಖಾಲಿ ಇದೆ ಎಂದ ಮೌನೇಶ್. "ಅರುಣಕುಮಾರ್ ಹೆಸರು ಕೂಡಸಾಕ ನನಗ ಕೈ ಬರವಲ್ದು ಸ್ವಾಮೇರ. ಒಂದು ಕೆಲಸ ಮಾಡ್ರಿ. ನಂಬರ್ ಹಾಕ್ರಿ. ಪತ್ರಿಕೆಯಾಗ ಹೆಸರಿಗೆ ನಂಬರ್ ಹಾಕಾಕ ಬರಂಗಿಲ್ಲ, ಕಂಪ್ಯೂಟರಿನಾಗ ಬರ್ತೈತಿ. ಹಿರೇರಿಗೆ ಒಂದು. ಅವರ ಮುಂದ ಹೋಗಿ ತೋರಿಸಿಬಿಡ್ರಿ, ತಣ್ಣಗಾಗ್ತಾರ."

ಮದ್ದು ಸಿಕ್ಕಿತು. ಹಾಲಸ್ವಾಮಿ ಮನೆಗೆ ಬಂದು ನಂಬರು ಹಾಕಿದ. ಒಂದು, ಗಂಗಾಧರ. ಎರಡು, ಅರುಣಕುಮಾರ್. ಮೂರು, ಪುಷ್ಪಲತಾ. ಅಮರೇಶನನ್ನು ಆರಕ್ಕೂ ಅಂಜಿನಕ್ಕನನ್ನು ಏಳಕ್ಕೂ ಇಳಿಸಿದ. ಕರೆಂಟ್ ಬಿಲ್ಲು ಮುಂತಾದವು ಅವರ ಕೆಳಗೆ. ಹತ್ತು ಕುಕ್ಕರು, ಎಲ್ಲಕ್ಕಿಂತ ಕಡೆಗೆ ಹನ್ನೊಂದು, ಮೊಣಕಾಲು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಲ್ಲವೂ ಕ್ರಮವಾಗಿ, ಮಠದ ಪಂಕ್ತಿಯಂತೆ ಕುಳಿತಿದ್ದವು. ಅಷ್ಟನ್ನೂ ಪೆನ್‌ಡ್ರೈವಿಗೆ ತುಂಬಿ ಜೇಬಿಗೆ ಹಾಕಿಕೊಂಡ.

ಬುಧವಾರ ಗಂಡಹೆಂಡಿರು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದರು. ಅಣ್ಣನ ಮನೆಯಲ್ಲಿ ಅರುಣಕುಮಾರನೂ ಇದ್ದ. ಧಾರೆಗೆ ಕೂರುವವನ ಗತ್ತಿನಲ್ಲಿ ಕುರ್ಚಿ ತುಂಬಿ ಕುಳಿತಿದ್ದ. ಗಂಗಾಧರ 'ಬರ್ರಿ' ಎಂದ ಶಿವಬಸಮ್ಮನಿಗೆ ಮಾತ್ರ.

"ಭಾವಾರ, ಒಂದ್ಸಲ ನೋಡ್ರಿ. ತಪ್ಪು ತಿದ್ದ್ಯಾರ," ಎಂದಳು ಅವಳು. "ನೋಡಿದ ಮ್ಯಾಲ ಬ್ಯಾಡ ಅಂದ್ರ ನಾವು ಸುಮ್ಮನ ಮದಿವಿಗೆ ಬಂದು ಉಂಡು ಹೋಗ್ತೀವಿ."

ಗಂಗಾಧರ ಟಿವಿಯ ಕಡೆ ಕೈ ಮಾಡಿದ. ಹಾಲಸ್ವಾಮಿ ಪೆನ್‌ಡ್ರೈವನ್ನು ಹಿಂದಿನಿಂದ ಚುಚ್ಚಿ, ದೇವರನ್ನು ನೆನೆದು ಪಕ್ಕಕ್ಕೆ ಸರಿದ.

ಒಂದು, ಗಂಗಾಧರ. ಅಣ್ಣನ ಮೀಸೆ ಕೊಂಚ ಸಡಿಲವಾಯಿತು. ಆದರೆ ಲ್ಯಾಪ್‌ಟಾಪಿನ ಲೆಕ್ಕವೇ ಬೇರೆ, ಟಿವಿಯ ಲೆಕ್ಕವೇ ಬೇರೆ ಎಂಬುದು ಹೊಸಪೇಟೆಯ ಅರ್ಧ ದಿನದ ತರಬೇತಿಯಲ್ಲಿ ಬಂದಿರಲಿಲ್ಲ. ಟಿವಿ ಮೊದಲ ಅಂಕಿಯನ್ನಷ್ಟೇ ನೋಡಿ, ಒಂದರಿಂದ ಶುರುವಾದವನ್ನೆಲ್ಲ ಒಂದರ ಬೆನ್ನಿಗೇ ನಿಲ್ಲಿಸಿತು. ಒಂದು, ಗಂಗಾಧರ. ಹತ್ತು, ಕುಕ್ಕರ್ ಗ್ಯಾರಂಟಿ. ಹನ್ನೊಂದು, ಮೊಣಕಾಲು. ಎರಡು, ಅರುಣಕುಮಾರ್.

ಈಗ ಕುರ್ಚಿಯಿಂದ ಎದ್ದವನು ಅರುಣಕುಮಾರ. "ಏನಣ್ಣಾ ಇದು! ಕುಕ್ಕರ್ ಹೋಗ್ಲಿ, ಅನ್ನನಾದ್ರೂ ಮಾಡ್ತೈತಿ. ನಿನ್ನ ಮೊಣಕಾಲು ನನಗಿಂತ ದೊಡ್ಡದಾ? ಇಪ್ಪತ್ತು ವರ್ಷ ಪಾಠ ಹೇಳೀನಿ ನಾನು! ಸಾವಿರ ಹುಡುಗರು ನಮಸ್ಕಾರ ಮಾಡ್ತಾರೆ!"

"ಟಿವಿ ಮಾಡೈತಪ್ಪಾ, ನಾ ಅಲ್ಲ..."

"ಈಗ ಟಿವಿ!" ಎಂದ ಗಂಗಾಧರ. "ಪ್ರೆಸ್ಸಾತು, ಕಂಪ್ಯೂಟರ್ ಆತು, ಈಗ ಟಿವಿ!"

"ಇರಲಿ ಅಣ್ಣಾ, ನೋಡೇಬಿಡಾಣ," ಅರುಣಕುಮಾರ ರಿಮೋಟು ಕಿತ್ತುಕೊಂಡ. "ಅಂಥಾದ್ದೇನೈತಿ ಆ ಮೊಣಕಾಲಾಗ, ನಾನೂ ನೋಡ್ತೀನಿ." ಎಂದು ಹನ್ನೊಂದನ್ನು ಒತ್ತಿದ.

ಟಿವಿಯ ತುಂಬ ಹಾಲಸ್ವಾಮಿಯ ಎಡ ಮೊಣಕಾಲು, ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಮೂಡಿತು. ಅರುಣಕುಮಾರ ಅದನ್ನು ಎಡದಿಂದ ಬಲಕ್ಕೆ ನೋಡಿ, ತನ್ನನ್ನು ಹಿಂದಿಕ್ಕುವಂಥದ್ದು ಅದರಲ್ಲಿ ಏನೂ ಕಾಣದೆ, ಇನ್ನೊಮ್ಮೆ ಸಿಟ್ಟಿನಿಂದ ರಿಮೋಟು ಒತ್ತಿದ.

ಗೀತಮ್ಮ ಬಂದಳು.

ಆಸ್ಪತ್ರೆಯ ಮುಂದಿನ ಬೇವಿನಮರದ ಕೆಳಗೆ ನಿಂತಿದ್ದಾಳೆ. ಎಕ್ಸ್‌ರೇ ಹಾಳೆಯನ್ನು ಎರಡೂ ಕೈಯಲ್ಲಿ ಸೂರ್ಯನಿಗೆ ಎತ್ತಿ ಹಿಡಿದಿದ್ದಾಳೆ. ತಲೆ ಹಿಂದಕ್ಕೆ ವಾಲಿದೆ, ಸೆರಗು ಜಾರಿದೆ, ಬಾಯಿ ತುಂಬ ನಗು.

"ಅವ್ವ," ಎಂದಳು ಪುಷ್ಪಲತಾ.

ಗಂಗಾಧರ ಎದ್ದು ಟಿವಿಯ ಹತ್ತಿರ ಹೋದ. ಕನ್ನಡಕ ತೆಗೆದ, ಟವೆಲಿನಿಂದ ಒರೆಸಿದ, ಮತ್ತೆ ಹಾಕಿಕೊಂಡ. ಕಣ್ಣೇ ಒದ್ದೆಯಾಗಿದ್ದರಿಂದ ಕನ್ನಡಕ ಒರೆಸಿ ಪ್ರಯೋಜನವಾಗಲಿಲ್ಲ.

"ಯಾಕ ಹಂಗ ನಗಾಕತ್ಯಾಳಲೇ?" ಎಂದ ತಿರುಗದೆಯೇ.

ಹಾಲಸ್ವಾಮಿಗೆ ಆ ದಿನ ನೆನಪಾದದ್ದೇ ಆಗ. "ಅವತ್ತು ಅತ್ತಿಗೀನೇ ನನ್ನ ದವಾಖಾನಿಗೆ ಕರಕೊಂಡು ಹೋಗಿದ್ಲು. ಡಾಕ್ಟ್ರು ಮೊಣಕಾಲಾಗ ಏನೂ ಇಲ್ಲ ಅಂದ್ರು. ಹೊರಗ ಬಂದು ಇದನ್ನ ಬಿಸಿಲಿಗೆ ಹಿಡದು, 'ಹಾಲಸ್ವಾಮಿ, ನಿನ್ನ ತಲಿಯಾಗ ಏನೂ ಇಲ್ಲ ಅಂತ ಗೊತ್ತಿತ್ತು, ಮೊಣಕಾಲಾಗೂ ಏನಿಲ್ಲಲ್ಲೋ' ಅಂದ್ಲು. ಅಂದು ತಾನೇ ನಕ್ಲು."

ಗಂಗಾಧರ ಮೆಲ್ಲಗೆ ತಿರುಗಿದ. "ಹದಿನೈದು ದಿನದಿಂದ ಊರೆಲ್ಲ ಹುಡಿಕೀವಿ. ನನ್ನ ಹೆಂಡ್ತಿನ್ನ ತಗಂಡು ಹೋಗಿ ಮೊಣಕಾಲಾಗ ಇಟ್ಟೀಯಲ್ಲಲೇ!"

ಶಿವಬಸಮ್ಮ ಕಣ್ಣು ಮುಚ್ಚಿಕೊಂಡಳು. ಇನ್ನು ಮದುವೆಗೆ ಬಂದು ಉಂಡು ಹೋಗುವುದೂ ಇಲ್ಲ ಅಂದುಕೊಂಡಳು. ಆಗ ಗಂಗಾಧರನ ಹೊಟ್ಟೆ ಕುಲುಕಿತು. ನಗು ಮೂಗಿನಿಂದ ಹೊರಟು, ಬಾಯಿಗೆ ಬಂದು, ಕಡೆಗೆ ಅವನನ್ನು ಕುರ್ಚಿಗೆ ಕೆಡವಿತು. ನಗುತ್ತ ಅಳುತ್ತ ಅವನು ಹೇಳಿದ ಮಾತನ್ನು ಆ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ.

"ಅತ್ತಿಗಿನ್ನ ಮೊಣಕಾಲಾಗ ಇಡೋ ಮನುಷ್ಯನ ಪಟ್ಟ್ಯಾಗ ಒಂದನೇದಾದ್ರೇನು, ಆರನೇದಾದ್ರೇನು! ಇವನ ಮ್ಯಾಲ ಸಿಟ್ಟು ಮಾಡ್ಕಂಡ ನಾನ ಹುಚ್ಚ."

ಅರುಣಕುಮಾರ ರಿಮೋಟನ್ನು ಮೆತ್ತಗೆ ಕೆಳಗಿಟ್ಟ. "ಅತ್ತಿಗಿ ಇರೋದು ಅದರಾಗ ಅಂದ ಮ್ಯಾಲ ಮೊಣಕಾಲು ನನಗಿಂತ ಮುಂದಿರೋದೇ ಸರಿ," ಎಂದ. ಆಮೇಲೆ ಅಂದ, "ಧಾರೆಗೂ ಅವರೇ ಕೂಡ್ಲಿ ಅಣ್ಣಾ. ಅತ್ತಿಗಿ ಇದ್ದಿದ್ರೆ ಅದನ್ನೇ ಹೇಳ್ತಿದ್ಲು."

ಗಂಗಾಧರ ಅಲ್ಲಿಂದಲೇ ಮೌನೇಶನಿಗೆ ಫೋನು ಹಚ್ಚಿದ. "ಬರಕೋ. ಧಾರೆಗೆ ಕೂಡೋರು ಹಾಲಸ್ವಾಮಿ, ಶಿವಬಸಮ್ಮ. ದಪ್ಪ ಅಕ್ಷರದಾಗ. ಮ್ಯಾಲ ಹಾಕೋ ಫೋಟೋ ಈಗ ಕಳಸ್ತಾನ... ಎಕ್ಸ್‌ರೇ ಕತ್ತರಸ್ಬೇಕಾ? ಬ್ಯಾಡ ಬ್ಯಾಡ, ಇರ್ಲಿ. ಅದು ನೋಡೇ ನಕ್ಕಾಳ ಆಕಿ." ಶಿವಬಸಮ್ಮ ಪುಷ್ಪಲತಾಳನ್ನು ತಬ್ಬಿಕೊಂಡು, ಕುಬಸ ಹೊಲಿಯಲು ಇನ್ನು ಎಷ್ಟು ದಿನ ಉಳಿದಿದೆ ಎಂದು ಬೆರಳು ಮಡಿಚತೊಡಗಿದಳು.

ಲಗ್ನಪತ್ರಿಕೆಯ ಮೇಲೆ ಎಕ್ಸ್‌ರೇ ಹಾಕಿಸಿದ ಮದುವೆ ಈ ಐದು ತಾಲೂಕಿನಲ್ಲಿ ಅದೊಂದೇ ಇರಬೇಕು. ಹೊಸಹಳ್ಳಿಯ ಅಜ್ಜಿ ಪತ್ರಿಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇಷ್ಟು ಚಂದ ನಗೋ ತಾಯೀ ಮಗಳು ಬರ್ತಾಳಂದ್ರ ನಮ್ಮ ಮನಿಗೆ ಇನ್ನೇನು ಬೇಕು" ಎಂದಳಂತೆ. ಹಸಿರು ಸೀರೆಯ ಶಿವಬಸಮ್ಮನ ಪಕ್ಕದಲ್ಲಿ ಹಾಲಸ್ವಾಮಿ ಧಾರೆಗೆ ಕೂರಲು ಬಾಗಿದಾಗ, ಎದುರಿಗಿದ್ದ ಬೀಗರು ಇಡೀ ಮಂಟಪಕ್ಕೆ ಕೇಳುವಂತೆ, "ಸ್ವಾಮೇರ, ಕುಂಡ್ರಾಕ ಮಣಿ ಹಾಕ್ಲೇನ್ರಿ? ಮೊಣಕಾಲು ಬಗ್ತೈತಾ?" ಎಂದು ವಿಚಾರಿಸಿದರು. ಬಗ್ಗಿತು. ಅಂದು ಎಲ್ಲವೂ ಸುಸೂತ್ರವಾಗಿ ಬಗ್ಗಿತು.

ಮದುವೆ ಮುಗಿದ ವಾರ ಹಾಲಸ್ವಾಮಿ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕುಳಿತ. 'ಗೀತಮ್ಮ' ಎಂಬ ಹೊಸ ಫೋಲ್ಡರು ತೆರೆದು, ಫೋಟೋವನ್ನು ಅದರ ನ್ಯಾಯವಾದ ಜಾಗಕ್ಕೆ ಸೇರಿಸಬೇಕೆಂದಿದ್ದ. ಸಾಸಿವೆಗೆಂದು ಬೋರ್ನ್‌ವಿಟಾ ಡಬ್ಬಿ ಹಿಡಿದಿದ್ದ ಶಿವಬಸಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಕೈ ಹಚ್ಚಬ್ಯಾಡ್ರಿ ಅದಕ್ಕ. ಅಕ್ಕ ಎಲ್ಲಿ ಅದಾಳ ಅಂತ ಈಗ ಎಲ್ಲಾರಿಗೂ ಗೊತ್ತೈತಿ."

ಅವಳ ಮಾತು ಮುಗಿಯುವಷ್ಟರಲ್ಲಿ ಹೊಸಹಳ್ಳಿಯಿಂದ ಫೋನು. "ಚಿಗಪ್ಪ, ಅಜ್ಜಿ ಅವ್ವನ ಫೋಟೋ ದೊಡ್ಡದು ಮಾಡಿಸಿ ನಡುಮನ್ಯಾಗ ಹಾಕಸ್ತಾಳಂತ," ಎಂದಳು ಪುಷ್ಪಲತಾ. "ಕಳಸಿಬಿಡು. ಮೊಣಕಾಲಾಗ ಐತಿ ನೋಡು."

ಹಾಲಸ್ವಾಮಿ ಮೊಣಕಾಲು ತೆರೆದ. ಮೊದಲನೆಯದನ್ನು ಬಿಟ್ಟು, ಎರಡನೆಯದನ್ನು ಎರಡು ಸಲ ನೋಡಿ, ಒತ್ತಿ, ಕಳಿಸಿದ. ಈ ಸಲ ಅತ್ತಿಗೆಯೇ ಹೋದಳು.